ಮಾಸ್ತರರು ಉಳಿಸಿದ ನೀರು

ನೀರು ಉಳಿಸಲು ಹೋಗಿ ಮಾನ ಚೆಲ್ಲಿಕೊಂಡವರನ್ನು ನೀವು ಕಂಡಿಲ್ಲವಾದರೆ, ಬೀದರಿನ ಗೋರಖನಾಥ ಮಾಸ್ತರರ ಕಥೆ ಕೇಳಬೇಕು.

ಅದು ಬರದ ವರ್ಷ. ಹಳ್ಳಿಯ ಜನ ಗಂಟುಮೂಟೆ ಕಟ್ಟಿ ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಬೀದರಿನ ನಳದ ನೀರು ವಾರಕ್ಕೊಮ್ಮೆ, ಅದೂ ಮನಸ್ಸಿದ್ದರೆ, ಮುಖ ತೋರಿಸಿ ಹೋಗುತ್ತಿತ್ತು. ಇಂಥದರಲ್ಲಿ ಮಾಸ್ತರರ ಮಗಳು ಕೌಸಲ್ಯಾ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಸಾಯಗಾಂವದ ಬೀಗಿತಿ ಭಾಗೀರಥಿಬಾಯಿ ಫೋನಿನಲ್ಲಿ ಬೇರೆಯೇ ರಾಗ ತೆಗೆದರು:

"ನಿಮ್ಮಲ್ಲಿ ಕುಡ್ಯಾಕ ನೀರಿಲ್ಲಂತಲ್ಲರಿ? ಬಾಣಂತಿಗಿ ದಿನಾ ಹಂಡೆಗಟ್ಲೆ ನೀರು ಹಾಕಬೇಕು. ನಮ್ಮ ಬಾವ್ಯಾಗ ಇನ್ನಾ ಅದಾವ. ಹುಡುಗಿ ಇಲ್ಲೇ ಇರಲಿ ಬಿಡ್ರಿ."

ಮಗಳ ಬಾಣಂತನ ಮಾಡಲಾಗದ ತಂದೆ! ಮಾಸ್ತರರ ಮೀಸೆ ನೆಟ್ಟಗಾಯಿತು. "ಹುಡುಗಿನ್ನ ಕರಕೊಂಡು ಕುಬಸಕ್ಕ ಬರ್ರಿ, ಸೀಮಂತ ಇಲ್ಲೇ ಮಾಡ್ತೀವಿ. ನಮ್ಮ ಮನಿ ನೀರಿನ ವ್ಯವಸ್ಥಾ ಕಣ್ಣಾರೆ ನೋಡ್ರಿ. ಆಮ್ಯಾಲ ಮಾತಾಡ್ರಿ" ಎಂದುಬಿಟ್ಟರು. (ಆ ವ್ಯವಸ್ಥೆ ಏನೆಂಬುದು ಆಗ ಅವರಿಗೂ ತಿಳಿದಿರಲಿಲ್ಲ.)

ಔರಾದದ ಸಾಲೆಯಿಂದ ಬರುತ್ತ ಮಾಸ್ತರರು ಒಂದು ಸಂಜೆ ಚೀಲ ತುಂಬ ಜಲಸಂರಕ್ಷಣೆಯನ್ನೇ ಹೊತ್ತು ತಂದರು. ಮಂಜಿನಂತೆ ಉದುರುವ ಶಾವರು, ದೊಡ್ಡದಕ್ಕೊಂದು ಸಣ್ಣದಕ್ಕೊಂದು ಒತ್ತುವ ಗುಂಡಿಯಿರುವ ಸಂಡಾಸಿನ ಟಾಕಿ, ನಳದ ಬಾಯಿಗೆ ಹಾಕಿದರೆ ಧಾರೆ ಸಣ್ಣಗಾಗುವ ಜಾಳಿಗೆಗಳು.

ಹೆಂಡತಿ ಜಿಜಾಬಾಯಿ ಶಾವರನ್ನು ತಿರುಗಿಸಿ ನೋಡಿದಳು. "ನಾವು ಜಳಕಾ ಮಾಡೋದೇ ಅರ್ಧ ಬಕೀಟನಾಗ. ಇದರಾಗ ಮತ್ತೇನು ಉಳಸ್ತೀರಿ, ಮೈಮ್ಯಾಲಿನ ಮಣ್ಣಾ? ಈ ಟಾಕಿ ಅಂತೂ, ತಂಬಗಿ ನೀರಿನ ಕೆಲಸಕ್ಕ ಕೊಡಾ ಕುಡೀತದ!"

"ನಿನಗ ಸೈನ್ಸ್ ತಿಳ್ಯಾಂಗಿಲ್ಲ."

"ನಿಮಗ ಮನಿ ತಿಳ್ಯಾಂಗಿಲ್ಲ."

ಶಾವರೂ ಟಾಕಿಯೂ ಅಟ್ಟ ಸೇರಿದವು. ಜಾಳಿಗೆಯ ವಿಷಯದಲ್ಲಿ ಮಾತ್ರ ಆಕೆ ತುಸು ಕರಗಿದಳು. "ಭಾಂಡಿ ತಿಕ್ಕೋ ನಳಕ್ಕ ಹಾಕ್ರಿ, ಅದು ಖರೇ ಛಲೋ. ಅಂಗಳದ ನಳಾ ಮುಟ್ಟಬ್ಯಾಡ್ರಿ. ಅದು ಬ್ಯಾರಲ್ ತುಂಬೋ ನಳಾ."

ಆದರೆ ಬೀಗರ ಕಣ್ಣಿಗೆ ಮೊದಲು ಬೀಳುವುದು ಅಂಗಳದ ನಳವೇ ಅಲ್ಲವೇ! ಹೆಂಡತಿ ಸಂತೆಗೆ ಹೋದಾಗ ಮಾಸ್ತರರು ಅದಕ್ಕೇ ಜಾಳಿಗೆ ತೊಡಿಸಿ, ಬ್ರಹ್ಮ ಬಂದರೂ ಬಿಚ್ಚದಂತೆ ಅಂಟು ಮೆತ್ತಿದರು. ಆ ಹುರುಪಿನಲ್ಲೇ ಗೋಡೆಯಾಚೆಯ ಬಿಸ್ಮಿಲ್ಲಾಬೀಗೆ ಉಪದೇಶವನ್ನೂ ಮಾಡಿದರು: "ನೀವೂ ಒಂದು ಹಾಕ್ಕೋರಿ. ನೀರು ಧೋ ಧೋ ಸುರಸೋದು ಪಾಪ ಅದ."

"ಸುರಸಲಾಕ ನೀರು ಎಲ್ಲಿ ಅವ ಮಾಸ್ತರಸಾಬ? ಒಂದೇ ಪೈಪು, ಮೊದಲ ನಿಮ್ಮ ಮನಿ. ನಮಗ ಬರೋದ್ರಾಗ ಖತಂ."

ಕುಬಸದ ಹಿಂದಿನ ದಿನ ನೀರು ಬಂತು. ಓಣಿಯೆಲ್ಲ ಕೊಡಗಳ ಸದ್ದು. ಮಾಸ್ತರರ ನಳದಿಂದ ಮಾತ್ರ ಹಾಲಿನ ನೊರೆಯಂಥ ಎಳೆಯೊಂದು ಸೊಗಸಾಗಿ, ನಾಜೂಕಾಗಿ, ಯಾವ ಅವಸರವೂ ಇಲ್ಲದೆ ಇಳಿಯಿತು. ಮಾಸ್ತರರು ನಟ್ಟು ಬಿಚ್ಚುವ ಪಾನಾ ಹಿಡಿದು ಜಾಳಿಗೆಯನ್ನು ತಿರುವಿದರು. ಕೈ ಜಾರಿತು, ಚರ್ಮ ಸುಲಿಯಿತು, ಜಾಳಿಗೆ ಅಲುಗಲಿಲ್ಲ. ಬ್ಯಾರಲ್ಲಿನ ತಳ ಮುಚ್ಚುವಷ್ಟರಲ್ಲಿ ನೀರು ಹೋಗಿಬಿಟ್ಟಿತು.

"ಉಳೀತೇನ್ರಿ ನೀರು?" ಎಂದಳು ಜಿಜಾಬಾಯಿ. ಮಾಸ್ತರರು ಬೈಗುಳವನ್ನಾದರೂ ತಾಳಿಕೊಳ್ಳುತ್ತಿದ್ದರು, ಆ ಮೆತ್ತನೆಯ ದನಿಯನ್ನು ತಾಳಲಾರದೆ ಹೋದರು.

ಬೆಳಗಾದರೆ ಅಡಿಗೆಗೂ ನೀರಿಲ್ಲ. "ನಾ ಹೋಗಂಗಿಲ್ಲ. ಪಾಪ-ಪುಣ್ಯಾ ಹೇಳಿ ಬಂದವರೇ ಹೋಗ್ರಿ" ಎಂದು ಆಕೆ ಕೊಡ ಮುಂದೆ ಇಟ್ಟಳು. ಮಾಸ್ತರರು ಕಳವಿನ ಮಾಲಿನಂತೆ ಅದಕ್ಕೆ ಟವೆಲ್ಲು ಹೊದಿಸಿ ಬಿಸ್ಮಿಲ್ಲಾಬೀಯ ಬಾಗಿಲಿಗೆ ಹೋದರು. ಟವೆಲ್ಲು ಸರಿಸಿ ಕೊಡ ಮುಂದೆ ಹಿಡಿದರು. ಆಕೆ ಕಾರಣ ಕೇಳದೆ ತುಂಬಿಕೊಟ್ಟಳು. ಅದನ್ನು ಹೆಗಲಿಗೇರಿಸಿ ಹೊರಬಂದರೆ ಎದುರಿಗೇ ಸಾಯಗಾಂವದ ಜೀಪು! ಕೌಸಲ್ಯಾಳನ್ನು ಇಳಿಸಿಕೊಳ್ಳುತ್ತಿದ್ದ ಬೀಗಿತಿ ಹಾಗೇ ನಿಂತರು.

"ಇದೇನ್ರಿ ಬೀಗರ, ನಿಮ್ಮ ವ್ಯವಸ್ಥಾ?"

ಕೊಡ ತುಳುಕಿ ಮಾಸ್ತರರ ಇಸ್ತ್ರಿ ಮಾಡಿದ ಅಂಗಿ ತೊಯ್ದಿತು. ತಲೆ ಎತ್ತದೆ, "ನಮ್ಮ ಮನ್ಯಾಗ ನೀರಿಲ್ಲರಿ. ನಾನೇ ಕೆಡಿಸೀನಿ" ಎಂದರು. ತಂದೆಯ ದನಿ ಕೇಳಿ ಕೌಸಲ್ಯಾಳ ಮುಖ ಸಣ್ಣದಾಯಿತು. ಭಾಗೀರಥಿಬಾಯಿ ಸೊಸೆಯ ಚೀಲವನ್ನು ಮತ್ತೆ ಜೀಪಿನೊಳಗೆ ಇಡಹೋದರು.

ಅಷ್ಟರಲ್ಲಿ ಇನ್ನೊಂದು ಕೊಡ ಹೊತ್ತು ಬಿಸ್ಮಿಲ್ಲಾಬೀ ಬಂದಳು. "ಚೀಲಾ ಯಾಕ ಎತ್ತತೀರಿ ಬಾಯಿ? ಇಷ್ಟು ವರ್ಷದಾಗ ಮೊದಲನೇ ಸಲ ನಮ್ಮ ಬ್ಯಾರಲ್ ಎಲ್ಲಾ ತುಂಬ್ಯಾವ. ಮಾಸ್ತರಸಾಬರು ನಳಕ್ಕ ಜಾಳಗಿ ಹಾಕಿ ಉಳಿಸಿದ್ದೆಲ್ಲಾ ಸೀದಾ ನಮ್ಮ ನಳಕ್ಕ ಬಂತು! ಬಾಣಂತಿ ನೀರು ನಮ್ಮ ಮನಿದು."

ಭಾಗೀರಥಿಬಾಯಿ ಬಿಸ್ಮಿಲ್ಲಾಬೀಯನ್ನು ನೋಡಿದರು, ತೊಯ್ದ ಬೀಗರನ್ನು ನೋಡಿದರು. ಚೀಲ ಕೆಳಗಿಟ್ಟು ಬಿಸ್ಮಿಲ್ಲಾಬೀಯ ಕೈ ಹಿಡಿದರು. "ನಿಮ್ಮ ಭರವಸಾದ ಮ್ಯಾಲ ಬಿಟ್ಟು ಹೋಗ್ತೇನಿ, ಅಕ್ಕಾ."

ಕೌಸಲ್ಯಾ ಓಡದಿರಲು ಹೆಣಗುತ್ತ ತವರಿನ ಹೊಸ್ತಿಲು ದಾಟಿದಳು. ಮಾಸ್ತರರಿಗೆ ಜೀವ ಬಂತು. ಕೊಡ ಇಳಿಸಿ, "ಇನ್ನ ಫಿಕರ್ ಬ್ಯಾಡ್ರಿ. ಆ ಜಾಳಗಿ ಇವತ್ತೇ ಕಡಿದು ಒಗೀತೇನಿ!" ಎಂದು ಗುಡುಗಿದರು.

"ಮುಟ್ಟೀರಿ ಮತ್ತ!" ಬಾಗಿಲಿಗೆ ಬಂದಿದ್ದ ಜಿಜಾಬಾಯಿ, ಬೀಗಿತಿ, ಬಿಸ್ಮಿಲ್ಲಾಬೀ ಮೂವರೂ ಒಮ್ಮೆಲೇ ಕೂಗಿದರು.

ಜಿಜಾಬಾಯಿ ಖಾಲಿ ಕೊಡವೊಂದನ್ನು ಗಂಡನ ಕೈಗೆ ಕೊಟ್ಟಳು. "ಅದು ಹಂಗೇ ಇರಲಿ. ನೀವು ಹೊರ್ರಿ."