ಶನಿವಾರಕ್ಕೆ ಬಂದ ಗುಡ್ ಫ್ರೈಡೆ

ತಪ್ಪು ಸಣ್ಣದು. ೧೯೩೭ರ ರಜೆಗಳ ಪಟ್ಟಿ ಬರೆಯುವಾಗ ಜಮಖಂಡಿ ಸಂಸ್ಥಾನದ ಕಾರಕೂನ ಭೂಪಾಲ ನಮ್ಮ ಹಬ್ಬಗಳಿಗೆ ಪಂಚಾಂಗ ನೋಡಿದ. ಗುಡ್ ಫ್ರೈಡೆಗೆ ಹಿಂದಿನ ವರ್ಷದ ಪಟ್ಟಿ ನೋಡಿದ. ಇಂಗ್ಲಿಷರ ಹಬ್ಬ, ಇಂಗ್ಲಿಷ್ ತಾರೀಖು, ಅದು ಎಲ್ಲಿಗೆ ಓಡಿಹೋಗುತ್ತದೆ ಎಂದು ಏಪ್ರಿಲ್ ಹತ್ತು ಎಂದೇ ಬರೆದ.

ಆ ರಜೆಯ ಮೇಲೆ ಅವನ ಮದುವೆ ನಿಂತಿತ್ತು. ಯುಗಾದಿಯೊಳಗೆ ಬಂದು ಮಗಳನ್ನು ನೋಡಬೇಕು, ಇಲ್ಲವಾದರೆ ಬೇರೆ ಕಡೆ ಮಾತಾಡುತ್ತೇವೆ ಎಂದು ತೇರದಾಳದ ಪಾರಿಸಪ್ಪ ಕಾರ್ಡು ಹಾಕಿದ್ದ. ರವಿವಾರ ಹೋಗೋಣವೆಂದರೆ ಪಾರಿಸಪ್ಪ ಸಂತೆಯ ವ್ಯಾಪಾರಿ, ಮನೆಯಲ್ಲಿ ಸಿಗುವುದಿಲ್ಲ. ಭೂಪಾಲನ ಹಕ್ಕಿನ ರಜೆಯನ್ನೆಲ್ಲ ಮಲೇರಿಯಾ ತಿಂದುಹಾಕಿತ್ತು.

ಹಿರಿಯ ಕಾರಕೂನ ಬಾಹುಬಲಿ ಪಟ್ಟಿಯ ಮೇಲೆ ಬೆರಳಿಟ್ಟ.

“ಲೇ ಭೂಪಾಲ, ಈ ವರ್ಷ ಏಪ್ರಿಲ್ ಹತ್ತು ಯಾವ ವಾರ?”

“ಶನಿವಾರ್ರೀ ಸಾಹೇಬ್ರ.”

“ಶುಕ್ರವಾರ ಅಂತ ಹೆಸರಿಟ್ಕೊಂಡು ಶನಿವಾರ ಬರ್ತದೇನು ಅದು?”

ಸಂಜೆಯೊಳಗೆ ಸರಿಯಾದ ತಾರೀಖು ತರದಿದ್ದರೆ ಆ ರಜೆಯನ್ನೇ ಹೊಡೆದುಹಾಕುವುದಾಗಿ ಅವನು ತಿಳಿಸಿದ. ಉಳಿದವರು ನೆರವಿಗೆ ಬಂದರು. ಒಬ್ಬ ಏಪ್ರಿಲ್ಲಿನ ಎರಡನೆಯ ಶುಕ್ರವಾರ ಎಂದ. ಬಸಗೊಂಡಪ್ಪನೆಂಬ ಜವಾನ, ತಾರೀಖು ವರ್ಷಕ್ಕೊಮ್ಮೆ ಲಂಡನ್ನಿನಿಂದ ತಂತಿಯಲ್ಲಿ ಬರುತ್ತದೆ ಎಂದ. ಅವನ ಮಾತು ನಂಬಿ ಭೂಪಾಲ ಪೋಸ್ಟಿಗೂ ಹೋಗಿ ಬೈಸಿಕೊಂಡು ಬಂದ.

ಕೊನೆಗೆ ಊರ ಹೊರಗಿನ ದವಾಖಾನೆಗೆ ನಡೆದ. ಅಲ್ಲಿಯ ಕಂಪೌಂಡರ್ ಒಬ್ಬನೇ ಅವನಿಗೆ ಗೊತ್ತಿದ್ದ ಕ್ರೈಸ್ತ.

“ಮಾರ್ಚ್ ಇಪ್ಪತ್ತೊಂದಕ್ಕ ಹಗಲು ರಾತ್ರಿ ಸಮ ಅಂತ ಹಿಡೀರಿ,” ಎಂದ ಕಂಪೌಂಡರ್, ಔಷಧ ಅರೆಯುತ್ತ. “ಅಲ್ಲಿಂದ ಮೊದಲನೇ ಹುಣ್ಣಿಮಿ. ಆ ಹುಣ್ಣಿಮಿ ಆದಮ್ಯಾಗಿನ ರವಿವಾರ ನಮ್ಮ ಸ್ವಾಮಿ ಎದ್ದು ಬಂದ ದಿನ. ಅದಕ್ಕ ಎರಡು ದಿನ ಮೊದಲು ಗುಡ್ ಫ್ರೈಡೆ.”

“ಹುಣ್ಣಿಮಿ ಯಾವಾಗ್ರೀ?”

“ಅದನ್ನ ನಿಮ್ಮ ಪಂಚಾಂಗ ಕೇಳ್ರಿ.”

ಪಂಚಾಂಗ ಭೂಪಾಲನ ಮೇಜಿನ ಮೇಲೇ ಇತ್ತು. ಬಂದಷ್ಟೇ ದೂರ ಮತ್ತೆ ನಡೆದ.

ಹುಣ್ಣಿಮೆ ಮಾರ್ಚ್ ಇಪ್ಪತ್ತಾರು, ಶುಕ್ರವಾರ. ಮುಂದಿನ ರವಿವಾರ ಇಪ್ಪತ್ತೆಂಟು. ಎರಡು ದಿನ ಹಿಂದೆ ಸರಿದರೆ ಮತ್ತೆ ಇಪ್ಪತ್ತಾರು. ಪಟ್ಟಿಯಲ್ಲಿ ಆ ತಾರೀಖಿನ ಮುಂದೆ ಅವನದೇ ದುಂಡು ಅಕ್ಷರದಲ್ಲಿ ‘ಹೋಳಿ ಹುಣ್ಣಿಮೆ’ ಎಂದಿತ್ತು. ಎರಡು ಹಬ್ಬ, ಒಂದೇ ರಜೆ. ಹೋಳಿಯ ದಿನ ತೇರದಾಳದವರೆಗೆ ಯಾರ ಅಂಗಿಯೂ ಬೆಳ್ಳಗೆ ಉಳಿಯುವುದಿಲ್ಲ. ಉಳಿದರೂ ಕಾಮನನ್ನು ಸುಡುವ ದಿನ ಮಗಳನ್ನು ತೋರಿಸುವವರು ಯಾರು?

ಭೂಪಾಲ ಸುತ್ತ ನೋಡಿದ. ಈ ಲೆಕ್ಕ ಗೊತ್ತಿದ್ದವನು ದವಾಖಾನೆಯಲ್ಲಿ ಔಷಧ ಅರೆಯುತ್ತಿದ್ದ. ಪೆನ್ನು ಅದ್ದಿ ಬರೆದ: ಏಪ್ರಿಲ್ ಒಂಬತ್ತು, ಶುಕ್ರವಾರ. ಯುಗಾದಿಗೆ ಮೂರು ದಿನ ಮೊದಲು.

ಇದು ಹೇಗೆ ಎಂದು ಬಾಹುಬಲಿ ಕೇಳಿದ. ಭೂಪಾಲ ಸಮ ಹಗಲು, ಹುಣ್ಣಿಮೆ, ರವಿವಾರ ಎಂದು ಒಂದರ ಮೇಲೊಂದು ಹೇರುತ್ತ ಹೋದ. ಮಾತು ರವಿವಾರಕ್ಕೆ ಬರುವುದರೊಳಗೆ ಬಾಹುಬಲಿ ಸಹಿ ಹಾಕಿದ್ದ. ಆಮೇಲೆ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಹರಿದ.

“ಛಲೋ ಆತು. ನೀ ತಾರೀಖು ತರದಿದ್ರ ಬರಾಕ ಆಗೂದಿಲ್ಲ ಅಂತ ತಂಗಿಗೆ ಬರದಿಟ್ಟಿದ್ದೆ. ಆಕಿ ಮಗಗ ತೇರದಾಳದಾಗ ಹೆಣ್ಣು ನೋಡೂದೈತಿ.”

“ಯಾರ ಮನೀದ್ರೀ?”

“ಪಾರಿಸಪ್ಪನ ಮಗಳು. ನೀನೂ ಬಾ. ಹುಡುಗಿ ಹ್ಯಾಂಗದಾಳಂತ ಖರೆ ಹೇಳಾಕ ಒಬ್ಬಂವ ಬೇಕು.”

ಸಹಿಯ ಮಸಿ ಇನ್ನೂ ಹಸಿಯಾಗಿತ್ತು. ಭೂಪಾಲ ಅದರ ಮೇಲೆ ಒತ್ತುಕಾಗದ ಒತ್ತಿ, ಬರುತ್ತೇನೆಂದ.