ಹೆಡ್ಮಾಸ್ತರರ ಫೋನು, ಆಫೀಸಿನ ಪ್ರಿಂಟರು

ನಮ್ಮ ಶಾಲೆಗೆ ಹೊಸ ಸಾಮಾನು ಬಂದಾಗೆಲ್ಲ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್. ಮನೆ ಕಲಬುರಗಿಯ ಗಾಜಿಪುರದಲ್ಲಿ, ದಿನಾ ಬಸ್ಸಿನ ಓಡಾಟ. ಆಫೀಸಿನ ಪ್ರಿಂಟರ್ ಹಳೇದು, ಕಂಪ್ಯೂಟರಿಗೆ ವೈರಿನಿಂದ ಕಟ್ಟಿದ್ದು. ಮಾಸ್ತರುಗಳ ಪ್ರಶ್ನೆಪತ್ರಿಕೆಗಳೆಲ್ಲ ಅವರವರ ಫೋನಿನಲ್ಲಿ. ಕಂಪ್ಯೂಟರಿಗೆ ಬ್ಲೂಟೂತ್ ಹಾಕಿದರೆ, ಫೋನಿನಿಂದ ಕಳಿಸಿದ್ದನ್ನು ಅದೇ ತಗೊಂಡು ಪ್ರಿಂಟ್ ಕೊಡುತ್ತದೆ. ಹಾಗೇ ಮಾಡಿಬಿಡೋಣ ಅಂದುಕೊಂಡೆ.

೧. ಅಂಗಡಿಯಲ್ಲಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಯಲ್ಲಿ "ಬ್ಲೂಟೂತ್ ಕೊಡ್ರಿ" ಅಂದೆ. ಅಂಗಡಿಯವರು ಕಿವಿಗೆ ಹಾಕುವುದನ್ನು ಕೊಟ್ಟರು. ಅಲ್ಲ ಅಂದೆ. ಸ್ಪೀಕರ್ ತೆಗೆದಿಟ್ಟರು.

"ಇದಲ್ರೀ ಭಾಯ್, ಪ್ರಿಂಟರ್ ಸಲುವಾಗಿ ಬೇಕು."

ಅವರು ಹುಡುಕಿ ಹುಡುಕಿ, ಕಂಪ್ಯೂಟರಿಗೆ ಚುಚ್ಚುವ ಉಗುರಿನಷ್ಟು ಸಣ್ಣದೊಂದನ್ನು ಕೈಗಿಟ್ಟು ಕೇಳಿದರು:

"ಅರೆ, ಈಗ ಪ್ರಿಂಟರ್ ಭೀ ಹಾಡು ಕೇಳ್ತಾವೇನ್ರಿ ಮೇಡಂ?"

೨. ಜೋಡಿ

ಕಂಪ್ಯೂಟರಿಗೆ 'ಆಫೀಸ್' ಅಂತ ಹೆಸರಿಟ್ಟೆ. ಮೊದಲು ಜೋಡಿಸಿದ್ದು ಹೆಡ್ಮಾಸ್ತರರ ಫೋನು. 'ಆಫೀಸ್ ಜೊತೆ ಜೋಡಿಸಬೇಕೆ?' ಅಂತ ಫೋನು ಕೇಳಿತು. ಅವರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು.

"ಒತ್ರಿ ಸರ್," ಅಂದೆ.

"ಒತ್ತತೀನಿ ತಡೀರಿ. ಎಷ್ಟೋ ವರ್ಷದ ಹಿಂದ ಈ ಆಫೀಸಿನ ಕೂಡ ನನಗ ಜೋಡಿ ಮಾಡುವಾಗ ಯಾರೂ ಹಿಂಗ ಒಂದು ಮಾತು ಕೇಳಿದ್ದಿಲ್ಲ ನೋಡ್ರಿ!"

೩. ದೂರದಿಂದ

ಗಣಿತದ ಮಾಸ್ತರರು ಮೈದಾನದ ಆಚೆಯ ಕ್ಲಾಸಿನಿಂದ ಕಳಿಸಿ ನೋಡಿದರು. ಬರಲಿಲ್ಲ. "ಇನ್ನೂ ಹತ್ತಿರ ಬರ್ರಿ ಸರ್" ಅಂತ ನಾನು ಕೂಗಿದೆ. ಬೇವಿನ ಗಿಡದ ಕೆಳಗೆ ಬಂದರು, ಇಲ್ಲ. ವರಾಂಡಕ್ಕೆ ಬಂದರು, ಆಗಲೂ ಇಲ್ಲ. ಒಳಗೆ ಬಂದು ಪ್ರಿಂಟರಿನ ಮೇಲೇ ಕೈಯೂರಿ ನಿಂತರು, ಹಾಳೆ ಹೊರಗೆ ಬಂತು.

ಬೆವರು ಒರೆಸಿಕೊಂಡು ಖುಷಿಯಿಂದ ಅಂದರು: "ಭಾರಿ ಆರಾಮ ಆಯ್ತು ಮೇಡಂ! ಕುಂತಲ್ಲೇ ಪ್ರಿಂಟ್!"

೪. ಪರೀಕ್ಷೆಯ ದಿನ

ಆಫೀಸಿನಲ್ಲಿ ಕಂಪ್ಯೂಟರ್ ಇರುವ ಗೋಡೆಗೆ ಹತ್ತಿಯೇ, ಆಚೆ ಕಡೆ ಒಂದು ಝೆರಾಕ್ಸ್ ಅಂಗಡಿ. ನಮ್ಮದನ್ನು ನೋಡಿ ಅಂಗಡಿಯವರು ತಮಗೂ ಹಾಗೇ ಮಾಡಿಸಿಕೊಂಡು, ತಮ್ಮ ಕಂಪ್ಯೂಟರಿಗೆ 'ಝೆರಾಕ್ಸ್' ಅಂತ ಹೆಸರಿಟ್ಟರು. ಹೆಡ್ಮಾಸ್ತರರು ಅಲ್ಲಿಗೂ ತಮ್ಮ ಫೋನು ಜೋಡಿಸಿಕೊಂಡಿದ್ದರು.

ವಿಜ್ಞಾನ ಪರೀಕ್ಷೆಯ ಬೆಳಿಗ್ಗೆ ಅವರು ನನ್ನ ಹತ್ತಿರ ಓಡಿ ಬಂದರು. "ಮೇಡಂ, ಪ್ರಶ್ನೆಪತ್ರಿಕೆ ಕಳಿಸ್ಲಾಕ ಒತ್ತೇ ಒತ್ತೀನಿ, ಪ್ರಿಂಟರ್ ಉಸುರೇ ಬಿಡವಲ್ದು!"

ಅವರ ಫೋನು ಇಸಿದುಕೊಂಡು ನೋಡಿದೆ. ಕಳಿಸಿದ್ದೆಲ್ಲ ಹೋಗಿದ್ದು 'ಝೆರಾಕ್ಸ್'ಗೆ. ಅಂಗಡಿಯ ಮುಂದೆ ಆಗ ನಮ್ಮ ಹುಡುಗರೇ ಪೆನ್ನು ಕೊಳ್ಳಲು ನಿಂತಿರುತ್ತಾರೆ!

"ಪೇಪರ್ ಹೊರಗ ಹೋಯ್ತಲ್ರೀ, ನನ್ನ ನೌಕರಿ ಹೋಯ್ತು!" ಅನ್ನುತ್ತ ಸರ್ ಓಡಿದರು. ಹಿಂದೆ ನಾನು.

ಅಂಗಡಿಯವರು ಎರಡೂ ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು ನಿಂತಿದ್ದರು. ಮೇಲಿನದನ್ನು ಕಸಿದು ನೋಡಿದೆವು. ಕೂಲಿಂಗ್ ಗ್ಲಾಸ್ ಹಾಕಿ, ಕೆಂಪು ಬಾಳೆಗೊನೆ ತಬ್ಬಿ ನಗುತ್ತಿರುವ ಹೆಡ್ಮಾಸ್ತರರು! ಎರಡನೆಯದೂ ಅವರೇ, ಮೂರನೆಯದೂ ಅವರೇ. ಫೈಲನ್ನೂ ತಪ್ಪಾಗಿ ಆರಿಸಿದ್ದರು.

ಸರ್ ಅಲ್ಲೇ ಸ್ಟೂಲಿನ ಮೇಲೆ ಕುಸಿದು, "ನಾನೇ ಬಂದೀನಿ, ಪೇಪರ್ ಬಂದಿಲ್ಲ! ಉಳಕೊಂಡ್ವಿ!" ಅಂತ ನನ್ನ ಮುಖ ನೋಡಿದರು. ಅವರ ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಅಲ್ಲಿಂದಲೇ ಸರಿಯಾದ ಫೈಲನ್ನು 'ಆಫೀಸ್'ಗೆ ಕಳಿಸಿದೆ. ಗೋಡೆಯಾಚೆ ನಮ್ಮ ಪ್ರಿಂಟರ್ ಕರಕರ ಅಂದದ್ದು ಕೇಳಿಸಿತು.

ಏನೂ ತಿಳಿಯದ ಅಂಗಡಿಯವರು ಫೋಟೊಗಳನ್ನು ನೀಟಾಗಿ ಜೋಡಿಸಿ, ಸರ್ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಸಾಬ್, ಎಲೆಕ್ಷನ್ನಿಗಿ ನಿಂತೀರಂತ ನಮಗ ಹೇಳೇ ಇಲ್ಲಲ್ರೀ! ಗುರುತು ಬಾಳೆಗೊನೇನಾ?"