ಹುರುಳಿಕಾಯಿಯ ಮೇಲೆ ಉದುರಿಸಿದ್ದು

ಮೂರು ವಾರವಾಯಿತು. ಈಗಲೂ ಹಲ್ಲುಜ್ಜುವಾಗ, ಟ್ರಾಮಿಗೆ ಕಾಯುವಾಗ, ಮೀಟಿಂಗಿನಲ್ಲಿ ಎಲ್ಲ ಅರ್ಥವಾದವನಂತೆ ತಲೆಯಾಡಿಸುವಾಗ ನನ್ನ ಕಣ್ಣ ಮುಂದೆ ಒಂದು ಚಮಚ ಬಂದು ನಿಲ್ಲುತ್ತದೆ. ಬಿಳಿಯ ಪಿಂಗಾಣಿ ಚಮಚ. ಅದರ ತುಂಬ ಹುರುಳಿಕಾಯಿ. ಅಲ್ಲಿಂದ ಒಂದೇ ಅಂಗುಲ ದೂರದಲ್ಲಿ ನಮ್ಮ ಸರಸತ್ತೆಯ ತೆರೆದ ಬಾಯಿ. ದೊಡ್ಡ ಅಪಘಾತ ಕಂಡವರಿಗೆ ಆ ಗಳಿಗೆಯೇ ಮತ್ತೆ ಮತ್ತೆ ಕಾಣಿಸುತ್ತದಂತೆ. ನಾನು ಕಂಡದ್ದು ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಶನಿವಾರ ಮಧ್ಯಾಹ್ನದ ಊಟ. ನನ್ನ ಎದೆಬಡಿತಕ್ಕೆ ಆ ವ್ಯತ್ಯಾಸ ಇನ್ನೂ ತಿಳಿದಂತಿಲ್ಲ.

ಮೊದಲು ನನ್ನ ಯೋಗ್ಯತೆಯನ್ನು ಹೇಳಿಬಿಡುತ್ತೇನೆ. ನಾನು ಹುಟ್ಟು ಸಸ್ಯಾಹಾರಿ. ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿಗೆ ಬಂದ ಈ ಆರು ವರ್ಷಗಳಲ್ಲಿ ಕಟ್ಟಾ ಸಸ್ಯಾಹಾರಿಯಾಗಿ ಬಡ್ತಿ ಪಡೆದಿದ್ದೇನೆ. ಟಿವಿ ಕಾರ್ಯಕ್ರಮಗಳ ಸಬ್‌ಟೈಟಲ್ಲುಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಅದೇ ಕಣ್ಣಿನಿಂದ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು, ಆಸ್ತಿಪತ್ರ ಓದುವ ವಕೀಲನ ಹಾಗೆ ಓದುತ್ತೇನೆ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಮಿಠಾಯಿ ಹಂಚಿದರೆ, "ಇದರಲ್ಲಿ ಜೆಲಟಿನ್ ಇದೆ, ದನದ ಎಲುಬಿನದು" ಎಂದು ಎಲ್ಲರ ಬಾಯಿಗೆ ಹೋದ ಮೇಲೆ ತಿಳಿಸಿ ಉಪಕಾರ ಮಾಡುತ್ತೇನೆ. ಯಾರೂ ಕೇಳದಿದ್ದರೂ ಮಾಡುತ್ತೇನೆ.

ಇಂಥ ನನ್ನನ್ನು ಆಫೀಸಿನವರು ಹದಿನೈದು ದಿನ ಚೀನಾದ ಚೆಂಗ್ಡುವಿಗೆ ಹೋಗಿಬಾ ಎಂದರು. ಚೆಂಗ್ಡು ಎಂದರೆ ಸಿಚುವಾನ್ ಪ್ರಾಂತದ ರಾಜಧಾನಿ, ಖಾರಕ್ಕೆ ಹೆಸರಾದ ಊರು. ನಮ್ಮ ಆಫೀಸಿನಲ್ಲಿರುವ ಮೇ ಎಂಬವಳು ಆ ಊರಿನವಳೇ. ಸಸ್ಯಾಹಾರಿಗೆ ಅಲ್ಲಿ ಕಷ್ಟವಾಗಬಹುದು ಎಂದು ಅವಳು ಮೆಲ್ಲಗೆ ಹೇಳಿದಳು. ನಾನು ನಕ್ಕೆ. ಮ್ಯಾಂಚೆಸ್ಟರಿನ ಒಂದು ಸಿಚುವಾನ್ ಹೋಟೆಲಿನಲ್ಲಿ ನಾನು ಎರಡು ವರ್ಷದಿಂದ ಶನಿವಾರ ಶನಿವಾರ ಹುರುಳಿಕಾಯಿ ತಿನ್ನುತ್ತಿದ್ದೇನೆ, ನನಗೇನು ಕಷ್ಟ? ಹೋಗಿಯೇ ಹೋಗುತ್ತೇನೆ, ಸಸ್ಯಾಹಾರಿಯಾಗಿಯೇ ಮರಳುತ್ತೇನೆ ಎಂದು ಶಪಥ ಮಾಡಿದೆ.

ಆಗ ಮೈಸೂರಿನಿಂದ ನನ್ನ ಸೋದರತ್ತೆ, ಅದೇ ಸರಸತ್ತೆ, ಬಂದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅರವತ್ತೆಂಟು ವರ್ಷದಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವರಲ್ಲ. ಹಾಗೆಂದು ಮಡಿಯವರೂ ಅಲ್ಲ. ಪಾತ್ರೆ ತೊಳೆದಿದ್ದರೆ ಸಾಕು, ಯಾವ ಹೋಟೆಲಾದರೂ ಸರಿ. ಒಂದು ವಾರ ನಾನು ಕರೆದುಕೊಂಡು ಹೋದಲ್ಲೆಲ್ಲ ಬೇಯಿಸಿದ ಆಲೂಗಡ್ಡೆ, ಅದರ ಮೇಲೆ ಚೀಸು ತಿಂದು ಅವರ ನಾಲಗೆ ಸತ್ತುಹೋಗಿತ್ತು.

"ಶ್ರೀಧರ, ಈ ಊರಲ್ಲಿ ಮೆಣಸಿನಕಾಯಿ ಅಂದ್ರೆ ಏನು ಅಂತ ಗೊತ್ತಿರೋರು ಯಾರಾದ್ರೂ ಇದಾರೇನೋ?"

"ಇದಾರೆ ಅತ್ತೆ. ಶನಿವಾರ ಕರ್ಕೊಂಡು ಹೋಗ್ತೀನಿ."

"ಮಾಂಸಗೀಂಸ ಬೆರೆಸಲ್ಲ ತಾನೆ?"

"ಎರಡು ವರ್ಷದಿಂದ ತಿಂತಿದೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

ಅತ್ತೆ ನಂಬಿದರು. ಈಗ ಮತ್ತೆ ಮತ್ತೆ ನೆನಪಾಗಿ ಚುಚ್ಚುವುದು ಅದೇ.

ಶನಿವಾರ ಮೇ ಕೂಡ ಊಟಕ್ಕೆ ಬರುತ್ತೇನೆಂದಳು, ಎಂದಿನಂತೆ ತಡಮಾಡಿದಳು. ನಾವು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತೆವು. ಬಡಿಸುವ ಹೆಂಗಸು ನನ್ನನ್ನು ನೋಡಿ ನಕ್ಕು, "ಯಾವಾಗಲಿನದೇ ತಾನೆ?" ಎಂದಳು. ನಾನು ಊರಿನ ಯಜಮಾನನ ಗತ್ತಿನಲ್ಲಿ ತಲೆಯಾಡಿಸಿದೆ. ಐದು ನಿಮಿಷಕ್ಕೆ ಬಿಸಿಬಿಸಿ ತಟ್ಟೆ ಬಂತು. ಎಣ್ಣೆಯಲ್ಲಿ ಸುಕ್ಕುಗಟ್ಟುವಂತೆ ಹುರಿದ ಹುರುಳಿಕಾಯಿ, ನಡುನಡುವೆ ಒಣಮೆಣಸಿನಕಾಯಿ, ಮೇಲೆ ಕಂದು ಬಣ್ಣದ ತರಿತರಿ. ಮೊದಲ ಸಲ ಬಂದಾಗ ಅದೇನೆಂದು ಕೇಳಿದ್ದೆ. "ಉಪ್ಪಿನಲ್ಲಿ ಹಾಕಿಟ್ಟ ಸೊಪ್ಪು" ಎಂದಿದ್ದರು. ಅಲ್ಲಿಗೆ ನನ್ನ ತನಿಖೆ ಮುಗಿದಿತ್ತು.

ಅತ್ತೆಯ ಮುಖ ಅರಳಿತು. "ಅಯ್ಯೋ, ಇದು ನಮ್ಮ ಹುರುಳಿಕಾಯಿ ಪಲ್ಯವೇ ಕಣೋ! ಒಗ್ಗರಣೆ ಮೆಣಸಿನಕಾಯಿ ಸಮೇತ! ಮೇಲೆ ಕೊಬ್ಬರಿ ಹುರಿದು ಉದುರಿಸಿದಾರೆ ನೋಡು." ಚಮಚ ತುಂಬಿಸಿಕೊಂಡರು. ಆರಲೆಂದು ಎರಡು ಸಲ ಊದಿದರು. ಆ ಎರಡು ಉಸಿರಿಗೆ ನಾನು ಜೀವಮಾನವಿಡೀ ಋಣಿ. ಏಕೆಂದರೆ ಅಷ್ಟರಲ್ಲಿ ಬಾಗಿಲು ತೆರೆದು ಮೇ ಒಳಗೆ ಬಂದಳು, ತಟ್ಟೆ ನೋಡಿದಳು, ಛತ್ರಿಯನ್ನು ಅಲ್ಲೇ ಕೈಬಿಟ್ಟು ಇಡೀ ಹೋಟೆಲಿಗೆ ಕೇಳುವಂತೆ, "ಆಂಟಿ, ಸ್ಟಾಪ್!" ಎಂದಳು.

ಚಮಚ ನಿಂತಿತು.

"ಅದರಲ್ಲಿ ಹಂದಿಮಾಂಸ ಇದೆ" ಎಂದಳು ಮೇ.

"ಅದು ಹುರುಳಿಕಾಯಿ!" ಎಂದೆ ನಾನು.

"ಹುರುಳಿಕಾಯಿಯೇ. ಸೊಪ್ಪಿನ ಜೊತೆ ಸ್ವಲ್ಪ ಕೊಚ್ಚಿದ ಮಾಂಸ, ರುಚಿಗೆ. ನೀನು ಡಬ್ಬಿಯಲ್ಲಿ ತರುವ ಪಲ್ಯದ ಮೇಲೆಲ್ಲ ತೆಂಗಿನತುರಿ ಇರುತ್ತದಲ್ಲ? ಹಾಗೆ. ನಮ್ಮ ಕಡೆ ಇದನ್ನು ಯಾರೂ ಮಾಂಸದ ಅಡುಗೆ ಅನ್ನುವುದಿಲ್ಲ." ಕುರ್ಚಿ ಎಳೆದು ಕೂತ ಮೇಲೆ ಅವಳಿಗೆ ಏನೋ ಹೊಳೆದಂತೆ ನನ್ನ ಕಡೆ ತಿರುಗಿದಳು. "ನೀನು ಎರಡು ವರ್ಷದಿಂದ ತಿನ್ನುವುದು ಇದನ್ನೇನಾ?"

ಅತ್ತೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಚಮಚವನ್ನು ತಟ್ಟೆಯಲ್ಲಿಟ್ಟು, ಪ್ರಯೋಗ ಕೆಡಿಸಿದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡು ವರ್ಷದ ಶನಿವಾರಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸತೊಡಗಿದೆ. ಜೊತೆಗೆ ಆಫೀಸಿನಲ್ಲಿ ನಾನು ಕೊಟ್ಟಿದ್ದ ಜೆಲಟಿನ್ ಉಪನ್ಯಾಸಗಳನ್ನೂ.

"ಎದ್ದು ಹೋಗೋಣ ಅತ್ತೆ."

"ಯಾಕೆ? ಹಸಿವಾಗಿದೆ ನನಗೆ. ಊಟ ಮಾಡದೆ ನಾನು ಏಳಲ್ಲ." ಅತ್ತೆ ಮೇ ಕಡೆ ತಿರುಗಿದರು. "ಏನಮ್ಮ, ನಿಮ್ಮೂರಲ್ಲಿ ಮಾಂಸ ಬಿಟ್ಟವರು ಯಾರೂ ಇಲ್ವಾ?"

ತನ್ನ ಅಜ್ಜಿ ಪ್ರತಿ ತಿಂಗಳೂ ಚಂದ್ರನ ಲೆಕ್ಕದಲ್ಲಿ ಒಂದನೆಯ ದಿನ, ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾಳೆ ಎಂದಳು ಮೇ. ಅತ್ತೆ ಬೆರಳು ಮಡಚಿ ಎಣಿಸಿದರು. "ಪಾಡ್ಯ, ಹುಣ್ಣಿಮೆ! ಹಾಗಾದ್ರೆ ನಿಮ್ಮಜ್ಜಿ ಊಟವನ್ನೇ ತರಿಸು." ಮೇ ಬಡಿಸುವ ಹೆಂಗಸನ್ನು ಕರೆದು ಚೀನೀ ಭಾಷೆಯಲ್ಲಿ ಒಂದು ನಿಮಿಷ ಮಾತಾಡಿದಳು. ಆ ಹೆಂಗಸು ಒಳಗೆ ಹೋಗಿ ಬಾಣಲೆ ತೊಳೆಸಿ, ಮಾಂಸವಿಲ್ಲದ ಹುರುಳಿಕಾಯಿಯನ್ನು ಹೊಸದಾಗಿ ಮಾಡಿಸಿಕೊಂಡು ಬಂದಳು. ಇಷ್ಟು ಸುಲಭದ ಕೆಲಸವನ್ನು ಎರಡು ವರ್ಷದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ. ಹುರುಳಿಕಾಯಿ ಎಂದರೆ ಹುರುಳಿಕಾಯಿ, ಅದನ್ನೇನು ಕೇಳುವುದು?

ಅತ್ತೆ ತಿಂದರು. ಮೂರನೆಯ ತುತ್ತಿಗೆ ಕೆನ್ನೆ ಮುಟ್ಟಿಕೊಂಡರು. ಸಿಚುವಾನಿನ ಮೆಣಸಿಗೆ ಬಾಯಿ ಜುಮ್ಮೆನ್ನಿಸುವ ಗುಣವಿದೆ. "ಹಲ್ಲಿನ ಡಾಕ್ಟರು ಇಂಜೆಕ್ಷನ್ ಚುಚ್ಚಿದ ಹಾಗಿದೆ ಕಣೋ," ಎಂದು ಇನ್ನಷ್ಟು ಬಡಿಸಿಕೊಂಡರು. ಆಲೂಗಡ್ಡೆಯ ವಾರಕ್ಕೆ ಬಡ್ಡಿ ಸಮೇತ ಸೇಡು ತೀರಿಸಿಕೊಳ್ಳುತ್ತಿದ್ದರು.

ನಾನೂ ಒಂದು ಚಮಚ ಬಾಯಿಗಿಟ್ಟೆ. ಶುದ್ಧ ಸಸ್ಯಾಹಾರ. ಅಗಿದೆ. ಖಾರವಿತ್ತು, ಉಪ್ಪಿತ್ತು, ಜುಮ್ಮೂ ಇತ್ತು. ಆದರೆ ಏನೋ ಒಂದು ಇರಲಿಲ್ಲ. ಆ 'ಏನೋ' ಏನೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಎದುರಿಗೆ ಕೂತವರಿಗೂ ಗೊತ್ತಾಯಿತು.

"ಯಾಕೋ, ಸಪ್ಪೆ ಅನ್ನಿಸ್ತಿದ್ಯಾ?"

"ಇಲ್ಲ ಅತ್ತೆ, ತುಂಬಾ ಚೆನ್ನಾಗಿದೆ."

ಅತ್ತೆ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು, ನನ್ನ ಪಾಲಿನ ಹುರುಳಿಕಾಯಿಯ ಮೇಲೆ ಧಾರಾಳವಾಗಿ ಉದುರಿಸಿದರು. "ತಿನ್ನು. ಮೇಲೆ ಏನಾದ್ರೂ ಉದುರಿಸದೆ ನಿನಗೆ ಇನ್ನು ಇಳಿಯಲ್ಲ ಅಂತ ಕಾಣತ್ತೆ."

"ಅಮ್ಮನಿಗೆ ಹೇಳಬೇಡಿ."

"ಏನು ಹೇಳ್ಲಿ? ಹುಡುಗ ತರಕಾರಿ ಚೆನ್ನಾಗಿ ತಿಂತಾನೆ ಅಂತೀನಿ."

ಅತ್ತೆ ಈಗ ಮೈಸೂರಿನಲ್ಲಿದ್ದಾರೆ. ಡಬ್ಬಿಯನ್ನು ಇಲ್ಲೇ ಬಿಟ್ಟುಹೋಗಿದ್ದಾರೆ. ಅದು ಚೆಂಗ್ಡುವಿಗೆ ಒಯ್ಯುವ ಪೆಟ್ಟಿಗೆಯನ್ನು ಸೇರಿದೆ. ಜೊತೆಗೆ ಮೇ ಚೀನೀ ಲಿಪಿಯಲ್ಲಿ ಬರೆದುಕೊಟ್ಟ ಚೀಟಿಯಿದೆ: ಮಾಂಸ ಬೇಡ, ಕೊಚ್ಚಿದ್ದೂ ಬೇಡ, ರುಚಿಗೂ ಬೇಡ. ನನ್ನ ನಿರ್ಧಾರ ಅಲುಗಿಲ್ಲ. ಅಭ್ಯಾಸವಾಗಲೆಂದು ಮೊನ್ನೆ ಶನಿವಾರ ಒಬ್ಬನೇ ಆ ಹೋಟೆಲಿಗೆ ಹೋಗಿ ಚೀಟಿ ತೋರಿಸಿದೆ. ಬಡಿಸುವ ಹೆಂಗಸು ಅದನ್ನು ಓದಿದಳು, ನನ್ನ ಮುಖ ನೋಡಿದಳು, ಇನ್ನೊಮ್ಮೆ ಓದಿದಳು. "ಖಂಡಿತಾನಾ?" ಎಂದು ಕೇಳಿದಳು.

ಖಂಡಿತ ಎಂದೆ. ಆದರೆ ಹಾಗೆನ್ನಲು, ಆರಲೆಂದು ಎರಡು ಸಲ ಊದುವಷ್ಟು ಹೊತ್ತು ಹಿಡಿಯಿತು.